ಸುತ್ತಿಗೆ ಉಪಕರಣವಲ್ಲ

ಮಾರ್ಚ್ ೪

ಪೂಜ್ಯ ಅಕ್ಕನ ಸನ್ನಿಧಿಗೆ,

ತಪ್ಪೊಪ್ಪಿಗೆ. ನಾನು, ನಿನ್ನ ಒಡಹುಟ್ಟಿದ ತಮ್ಮ, ವಯಸ್ಸು ನಲವತ್ತಾರು, ಕಸುಬು ಹಳೆಯ ಕಟ್ಟಡ ಕೆಡವುವ ಗುತ್ತಿಗೆ, ಯಾರ ಒತ್ತಾಯವೂ ಇಲ್ಲದೆ, ಚಹಾ ಒಂದನ್ನು ಬಿಟ್ಟು ಬೇರೆ ಯಾವ ಅಮಲೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಬೆಳಿಗ್ಗೆ ಹನ್ನೊಂದೂಕಾಲಿಗೆ, ತೆರಿಗೆ ಕಚೇರಿಯ ಎರಡನೇ ಮಹಡಿಯಲ್ಲಿ, ಸಾರ್ವಜನಿಕರ ಉಪಯೋಗಕ್ಕೆಂದು ದಾರದಲ್ಲಿ ಕಟ್ಟಿಟ್ಟಿದ್ದ ಪೆನ್ನನ್ನು ದಾರಸಮೇತ ಕದ್ದಿದ್ದೇನೆ. ಪೆನ್ನು ಬರೆಯುವುದಿಲ್ಲ. ದಾರ ಮಾತ್ರ ಭಲೇ ಗಟ್ಟಿ. ಆ ಕಚೇರಿಯಲ್ಲಿ ಕಟ್ಟಿಹಾಕುವ ವಿಭಾಗವೊಂದೇ ಚೆನ್ನಾಗಿ ನಡೆಯುತ್ತಿರುವ ಹಾಗೆ ಕಾಣುತ್ತದೆ.

ಕದಿಯಲು ಕಾರಣವಿದೆ. ನಮ್ಮ ಹನ್ನೆರಡು ಜನ ಸುತ್ತಿಗೆಯವರಿಗೂ ನೋಟೀಸು ಬಂದಿದೆ. ನನಗೊಂದು, ಅವರಿಗೆ ಹನ್ನೆರಡು. ಒಟ್ಟು ಹದಿಮೂರು, ಅಶುಭ ಸಂಖ್ಯೆ ಎನ್ನುವುದಕ್ಕೆ ಕೊನೆಗೂ ಪುರಾವೆ ಸಿಕ್ಕಿತು.

ನಿನಗೆ ನೆನಪಿರಬೇಕು. ಒಂಬತ್ತು ವರ್ಷದ ಹಿಂದೆ, ಸ್ವಂತ ಉಪಕರಣ ತಂದು ದುಡಿಯುವವನು ಗುತ್ತಿಗೆದಾರ, ಅವನ ಗಳಿಕೆಯ ಅರ್ಧಕ್ಕೆ ತೆರಿಗೆ ಇಲ್ಲ ಎಂಬ ಕಾನೂನು ಬಂತು. ಆಗ ಫೋನಿನಲ್ಲಿ ನೀನೇ ಹೇಳಿದ್ದೆ: ಪ್ರತಿಯೊಬ್ಬನಿಗೂ ಅವನದೇ ಸುತ್ತಿಗೆ ಇರಲಿ, ರಸೀತಿ ಜೋಪಾನ ಮಾಡಲಿ ಅಂತ. ಮಾಡಿದೆವು. ಅದಲುಬದಲಾಗದಿರಲಿ ಎಂದು ಒಂದೊಂದು ಹಿಡಿಗೂ ಒಂದೊಂದು ಬಣ್ಣದ ಪಟ್ಟಿ ಬಳಿದೆವು. ಮೇಸ್ತ್ರಿಯದಕ್ಕೆ ಕೆಂಪು, ಅವನ ಅಳಿಯ ಉದ್ದಣ್ಣನದಕ್ಕೆ ಹಳದಿ. ಉದ್ದಣ್ಣ ಅವತ್ತು ಮನೆಗೆ ಹೋಗಿ ಹೆಂಡತಿಗೆ ‘ನಾನೀಗ ಕಂಟ್ರಾಕ್ಟರ್ ಕಣೇ’ ಎಂದು ಘೋಷಿಸಿ ಒಂದು ವಾರ ತನ್ನ ತಟ್ಟೆ ತಾನು ತೊಳೆಯಲಿಲ್ಲವಂತೆ.

ಈಗ ತಿದ್ದುಪಡಿ ಬಂದಿದೆ. ಓದು, ನಿಮ್ಮ ಪೈಕಿಯವರದೇ ಕನ್ನಡ: ‘ಉಪಕರಣ ಎಂದರೆ ವಿದ್ಯುತ್ತಿನಿಂದ ಇಲ್ಲವೆ ಇಂಧನದಿಂದ ನಡೆಯುವ ಯಂತ್ರ; ಹಾಗೂ ಅದರ ಅರ್ಥವು ಮೊದಲಿನಿಂದಲೂ ಅಷ್ಟೇ ಆಗಿತ್ತೆಂದು ಭಾವಿಸತಕ್ಕದ್ದು.’ ಹಾಗಾದರೆ ಒಂಬತ್ತು ವರ್ಷ ನಾವು ಗೋಡೆಗಳನ್ನು ಯಾವುದರಿಂದ ಒಡೆದೆವು, ಬರೀ ಭಾವನೆಯಿಂದಲೇ? ಕಾನೂನು ಹಿಂದಕ್ಕೂ ನಡೆಯುವುದಾದರೆ ನಾಳೆಯೇ ನಾನೂ ಅರ್ಜಿ ಹಾಕುತ್ತೇನೆ: ಅರ್ಜಿದಾರನು ಕಾಲೇಜಿನ ಗಣಿತದಲ್ಲಿ ಮೊದಲಿನಿಂದಲೂ ಪಾಸಾಗಿದ್ದನೆಂದು ಭಾವಿಸತಕ್ಕದ್ದು.

ಮೇಸ್ತ್ರಿ ಕಿಟಕಿಯ ಮುಂದೆ ಬಗ್ಗಿ ಗುಮಾಸ್ತೆಯನ್ನು ಕೇಳಿದ, ‘ತಾಯಿ, ಸುತ್ತಿಗೆ ಉಪಕರಣ ಅಲ್ವಾ?’

‘ಅಲ್ಲ.’

‘ಮತ್ತೇನು ಅದು?’

‘ಅದು ಬೇರೆ ಇಲಾಖೆ. ಮುಂದಿನವರು ಬನ್ನಿ.’

ಕರ ಎಂದರೆ ತೆರಿಗೆಯೂ ಹೌದು, ಕೈಯೂ ಹೌದು. ನಾವು ಕರ ಕೊಡುತ್ತಾ ಬಂದೆವು, ಅವರು ಕೈ ಕೊಟ್ಟರು. ತಮಾಷೆ ಸಾಕು. ಉದ್ದಣ್ಣನ ಬಾಕಿಗೆ ಅವನ ಮನೆಯೇ ಹೋಗುತ್ತದೆ. ನೀನು ಕಾನೂನಿನ ಕರಡು ಬರೆಯುವ ಆಫೀಸಿನಲ್ಲೇ ಕೂತಿದ್ದೀಯ. ಈ ಸಾಲು ಬರೆದ ಮಹಾಶಯ ಯಾರು, ಹೇಳು. ಅವನನ್ನು ಬೈಯುವುದಿಲ್ಲ, ಒಂದೇ ಒಂದು ದಿನ ಸುತ್ತಿಗೆ ಎತ್ತಿಸುತ್ತೇನೆ.

ನಿನ್ನ ತಮ್ಮ


ಮಾರ್ಚ್ ೧೩

ತಮ್ಮಯ್ಯ,

ಪೆನ್ನು ವಾಪಸು ಕೊಡು. ದಾರವನ್ನೂ.

ನೋಟೀಸು ಬಂದ ಮೂವತ್ತು ದಿನದೊಳಗೆ ಆಕ್ಷೇಪಣೆ ಹಾಕಬೇಕು, ಹನ್ನೆರಡೂ ಜನ ಬೇರೆ ಬೇರೆಯಾಗಿ. ಒಂದೇ ಕಾಗದಕ್ಕೆ ಎಲ್ಲರೂ ಸಹಿ ಹಾಕಿದರೆ ತಳ್ಳಿಹಾಕುತ್ತಾರೆ. ರಸೀತಿಗಳ ನಕಲು ಲಗತ್ತಿಸು. ಕಂತಿಗೂ ಕೇಳಿಕೊಳ್ಳಲಿ.

ನಿನಗೆ ಬೇಸರವಾದರೂ ಇನ್ನೊಂದು ಮಗ್ಗುಲು ಹೇಳುತ್ತೇನೆ. ಆ ರಿಯಾಯಿತಿಯನ್ನು ಮಾಡಿದ್ದು ಅಗೆಯುವ ಯಂತ್ರ ಕೊಂಡು ಸಾಲ ತೀರಿಸುವವರಿಗಾಗಿ. ಇನ್ನೂರು ಆಳು ಇಟ್ಟುಕೊಂಡ ದೊಡ್ಡ ಕುಳಗಳು ಪ್ರತಿಯೊಬ್ಬನ ಕೈಗೂ ಒಂದು ಕರಣೆ ಕೊಟ್ಟು ‘ಇವನು ಗುತ್ತಿಗೆದಾರ’ ಎಂದು ಬರೆದರು. ಕೂಲಿಯವರನ್ನು ಕೂಲಿಯವರೆಂದೇ ಬರೆದು, ಪೂರ್ತಿ ಕಟ್ಟಿದ ಪ್ರಾಮಾಣಿಕನೂ ಒಬ್ಬನಿದ್ದ. ಅವನು ನಿಮಗಿಂತ ಹೆಚ್ಚಿನ ದರ ಕೂಗಿ ಒಂಬತ್ತು ವರ್ಷ ಟೆಂಡರ್ ಕಳೆದುಕೊಂಡ. ಅವನಿಗೆ ಯಾವ ದಿನಾಂಕದಿಂದ ನ್ಯಾಯ ಕೊಡೋಣ? ತಿದ್ದುಪಡಿ ಹೊಸದೇನನ್ನೂ ಹೇಳುತ್ತಿಲ್ಲ, ಮೊದಲೇ ಇದ್ದ ಉದ್ದೇಶವನ್ನು ಸ್ಪಷ್ಟಪಡಿಸುತ್ತದೆ, ಅಷ್ಟೆ.

ಯಾರು ಬರೆದರೆಂದು ಕೇಳಿದ್ದೀಯ. ಒಂದು ಕಡತ ಏಳೆಂಟು ಮೇಜು ದಾಟುತ್ತದೆ. ಯಾವ ಸಾಲು ಯಾವ ಮೇಜಿನದೆಂದು ಹೇಳಲಾಗುವುದಿಲ್ಲ.

ನಾದಿನಿಯ ಬೆನ್ನುನೋವು ಹೇಗಿದೆ?

ಅಕ್ಕ


ಏಪ್ರಿಲ್ ೨೨

ಅಕ್ಕಾ,

ಆಕ್ಷೇಪಣೆ ಹನ್ನೆರಡೂ ತಳ್ಳಿಹೋದವು. ಬೇರೆ ಬೇರೆಯಾಗಿಯೇ ತಳ್ಳಿದರು, ಆ ಮರ್ಯಾದೆಗೇನೂ ಕೊರತೆಯಾಗಲಿಲ್ಲ.

ಉದ್ದಣ್ಣ ಸತ್ತ.

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ, ಆದದ್ದು ಆದಂತೆ ಬರೆಯುತ್ತೇನೆ. ಅವನ ಮನೆ ನೀನು ನೋಡಿಲ್ಲ. ನಾವು ಕೆಡವಿದ ಕಟ್ಟಡಗಳಿಂದ ಬಾಗಿಲು ಕಿಟಕಿ ಆಯ್ದು ತಂದು ಕಟ್ಟಿದ್ದು. ಅಡುಗೆಮನೆಗೆ ಒಂದು ಬ್ಯಾಂಕಿನ ಬಾಗಿಲು, ಬಚ್ಚಲಿಗೆ ಸಿನಿಮಾ ಮಂದಿರದ್ದು, ಅದರ ಮೇಲೆ ‘ಬಾಲ್ಕನಿ’ ಎಂದು ಬರೆದದ್ದು ಇನ್ನೂ ಹಾಗೇ ಇತ್ತು. ಶನಿವಾರ ಜಪ್ತಿಯ ಕಾಗದ ಅಂಟಿಸಿದರು. ಭಾನುವಾರ ಬೆಳಿಗ್ಗೆ ಅವನು ಹೆಂಡತಿಯನ್ನೂ ಪಾತ್ರೆಗಳನ್ನೂ ಬೀದಿಗೆ ಕಳಿಸಿ ಒಳಗಿಂದ ಶುರುಮಾಡಿದ.

ಮೇಸ್ತ್ರಿ ಓಡಿ ಬಂದು ಕೂಗಿದನಂತೆ, ‘ಏ, ಏನ್ ಮಾಡ್ತಿದೀಯೋ!’

‘ಒಂಬತ್ತು ವರ್ಷ ಊರವರ ಮನೆ ಕೆಡವಿದ್ದೀನಿ ಮಾವ. ನನ್ನ ಮನೆ ಕೆಡವೋಕೆ ಇನ್ನೊಬ್ಬ ಯಾಕೆ? ಏನೂ ಇಲ್ದಿದ್ರೆ ಏನ್ ಜಪ್ತಿ ಮಾಡ್ತಾರೆ, ನನ್ನ ಮೂಗಾ?’

ನಮ್ಮ ಕಸುಬಿನ ಮೊದಲ ಪಾಠ: ಕೆಡವುವುದು ಮೇಲಿಂದ ಕೆಳಕ್ಕೆ. ಚಾವಣಿ, ಆಮೇಲೆ ಗೋಡೆ, ಕೊನೆಗೆ ಕಂಬ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೇ ಉದ್ದಣ್ಣ. ಸಿಟ್ಟು ಅವನನ್ನು ಕೆಳಗಿಂದ ಶುರುಮಾಡಿಸಿತು. ನಡುವಿನ ಕಂಬಕ್ಕೆ ನಾಲ್ಕು ಏಟು. ಐದನೆಯದಕ್ಕೆ ಚಾವಣಿ ಇಡಿಯಾಗಿ ಇಳಿಯಿತು.

ಉಳಿದ ಹನ್ನೊಂದು ಜನವೂ ನಾನೂ ಬರಿಗೈಯಲ್ಲಿ ಬಗೆದೆವು. ಸುತ್ತಿಗೆ ಹಾಕಿದರೆ ಒಳಗಿರುವವನಿಗೆ ತಾಗೀತೆಂಬ ಭಯ. ಮೊದಲು ಕಾಲು ಸಿಕ್ಕಿತು. ಮುಖ ಸಿಕ್ಕಿದಾಗ ಮೇಸ್ತ್ರಿ ತನ್ನ ಅಂಗಿ ಬಿಚ್ಚಿ ಅದರ ಮೇಲೆ ಹಾಕಿ, ಮಗಳ ಕಡೆ ತಿರುಗಿ, ‘ನೀನು ನೋಡ್ಬೇಡ, ಅವನಲ್ಲ’ ಎಂದ. ಅವಳು ಹುಚ್ಚಿಯ ಹಾಗೆ ತಲೆಯಾಡಿಸಿ, ‘ಅವ್ರಲ್ಲ, ಅವ್ರಲ್ಲ’ ಎನ್ನುತ್ತಾ ಬೀದಿಯಲ್ಲಿ ಪಾತ್ರೆ ಜೋಡಿಸುತ್ತಾ ಕೂತಳು.

ಇವತ್ತು ಇನ್ನೊಂದು ನೋಟೀಸು ಬಂತು, ಸತ್ತವನ ಹೆಸರಿಗೆ. ಜಪ್ತಿಯಾದ ಸ್ವತ್ತಿಗೆ ಹಾನಿ ಮಾಡಿದ್ದಕ್ಕೆ ದಂಡ.

ಆ ಪ್ರಾಮಾಣಿಕ ಗುತ್ತಿಗೆದಾರನಿಗೆ ಇದರಿಂದ ಎಷ್ಟು ನ್ಯಾಯ ಸಂದಿತು, ಒಂದು ಮಾತು ವಿಚಾರಿಸಿ ಬರೆ.

ತಮ್ಮ


ಮೇ ೬

ತಮ್ಮಯ್ಯ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಒಡೆಯಬಾರದಿತ್ತು. ಉಳಿದವರ ಮನೆಗಳಿಗೆ ಜಪ್ತಿ ತಡೆಯಲು ಹೈಕೋರ್ಟಿಗೆ ಹೋಗಬಹುದು. ವಕೀಲೆಯೊಬ್ಬಳ ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ನನ್ನ ಹೆಸರು ಹೇಳಬೇಡ.

ಒಂದು ಪ್ರಶ್ನೆ. ಸುತ್ತಿಗೆಗೆ ರಸೀತಿ ಮಾಡಿಸಿರೆಂದು ನಿನಗೆ ಹೇಳಿದ್ದು ಯಾರೆಂದು ಮೇಸ್ತ್ರಿಗೆ, ಅವನ ಮಗಳಿಗೆ ಗೊತ್ತೇ?

ಆ ಹುಡುಗಿ ಈಗ ಎಲ್ಲಿದ್ದಾಳೆ?

ಅಕ್ಕ


ಮೇ ೨೯

ಅಕ್ಕಾ,

ಗೊತ್ತಿಲ್ಲ. ನಾನು ಹೇಳಿಲ್ಲ. ಅವಳು ತಂದೆಯ ಮನೆಯಲ್ಲಿದ್ದಳು. ಈಗ ಆ ಮನೆಯಲ್ಲಿ ತಂದೆಯಿಲ್ಲ. ಕೇಳು.

ನಿನ್ನೆ ಮಧ್ಯಾಹ್ನ ವಸೂಲಿ ಅಧಿಕಾರಿ ನಾಲ್ವರು ಪೊಲೀಸರ ಜೊತೆ ನಮ್ಮ ಶೆಡ್ಡಿಗೆ ಬಂದ, ಕಂಪ್ರೆಸರು, ಕಲ್ಲುಪುಡಿ ಯಂತ್ರ ಎಲ್ಲ ಜಪ್ತಿಗೆ. ಕಂಪ್ರೆಸರು ನಡೆಯುತ್ತದೋ ಇಲ್ಲವೋ ಎಂದು ಪಟ್ಟಿಯಲ್ಲಿ ಬರೆಯಬೇಕಂತೆ, ಚಾಲೂ ಮಾಡಿಸಿದ. ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ. ಗೇಟಿನಲ್ಲಿ ನಮ್ಮವರು ಅಡ್ಡ ನಿಂತರು, ಪೊಲೀಸರು ಲಾಠಿ ಬೀಸಿದರು, ಯಾರೋ ಇಟ್ಟಿಗೆ ಎಸೆದರು. ಇಟ್ಟಿಗೆಗೆ ನಮ್ಮಲ್ಲಿ ಬರವೇ? ಒಬ್ಬ ಪೊಲೀಸನ ಹಲ್ಲು ಮುರಿಯಿತು, ನಮ್ಮವರಲ್ಲಿ ಇಬ್ಬರ ತಲೆ ಒಡೆಯಿತು. ಶೆಡ್ಡಿನ ಕಿಟಕಿಯ ಗಾಜು ಚೂರುಚೂರಾಗಿ ನನ್ನ ಮೇಜಿನ ಮೇಲೆ ಸುರಿಯಿತು.

ಅಧಿಕಾರಿ ಅಷ್ಟೆಲ್ಲ ನಡೆಯುತ್ತಿದ್ದರೂ ಸುತ್ತಿಗೆಗಳನ್ನು ಸಾಲಾಗಿ ಜೋಡಿಸಿಡುವ ಮರದ ಅಡ್ಡೆಯ ಪಕ್ಕ ಬಗ್ಗಿ ಯಂತ್ರದ ನಂಬರು ಬರೆದುಕೊಳ್ಳುತ್ತಿದ್ದ. ಬಗ್ಗಿದವನೇ, ತಲೆ ಎತ್ತದೆ ನನ್ನ ಕಿವಿಗೆ ಕೇಳಿಸುವ ಹಾಗೆ ಅರಚಿದ, ‘ಆ ಉದ್ದನೆಯವನ ಸುತ್ತಿಗೆ ಎಲ್ರೀ? ಸತ್ತವನದ್ದಾದ್ರೂ ಸ್ವತ್ತು ಸ್ವತ್ತೇ, ಬರ್ಕೋಬೇಕು.’

ಅಕ್ಕಾ, ನಿನ್ನ ತಮ್ಮ ಜಿರಳೆ ಕಂಡರೆ ಕುರ್ಚಿ ಹತ್ತುವವನು. ಜೀವಮಾನವೆಲ್ಲ ಬಾಯಿಯಿಂದಲೇ ಬಡಿದಾಡಿದವನು. ನಿನ್ನೆ ಆ ಬಾಯಿ ಮುಚ್ಚಿತು. ಅಡ್ಡೆಯ ಮೇಲಿನ ಸಾಲಿನಲ್ಲಿದ್ದ ಸುತ್ತಿಗೆಗೆ ಕೈ ಹಾಕಿದೆ, ಎತ್ತಿದೆ, ಅವನ ಹೆಗಲ ಮೇಲೆ ಇಳಿಸಿದೆ. ಒಣ ಕೊಂಬೆ ಮುರಿದ ಸದ್ದು. ಅವನ ಕಿವಿ ಅರ್ಧ ಹರಿದು ಜೋತುಬಿತ್ತು. ಪಟ್ಟಿಯ ಕಾಗದದ ಮೇಲೆಲ್ಲ ರಕ್ತ. ನನಗೆ ಪಶ್ಚಾತ್ತಾಪ ಆಗಲಿಲ್ಲ. ಒಬ್ಬನಾದರೂ ಉದ್ದಣ್ಣನ ಪರವಾಗಿ ಕೈ ಎತ್ತಿದನಲ್ಲ!

ಆದರೆ ಸುತ್ತಿಗೆಯ ಹಿಡಿಗೆ ಕೆಂಪು ಪಟ್ಟಿ ಇತ್ತು. ಒಳಗೆ ನುಗ್ಗಿದ ಪೊಲೀಸರು ಕಂಡದ್ದು ಬಿದ್ದ ಅಧಿಕಾರಿಯನ್ನು, ಆಗ ತಾನೇ ಒಳಗೆ ಬಂದು ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯನ್ನು. ನಾನು ಮೇಜಿನ ಆಚೆಗಿದ್ದೆ. ಮೇಸ್ತ್ರಿಯನ್ನು ಅಲ್ಲೇ ಕೆಡವಿ ಬೂಟುಗಾಲಲ್ಲಿ ತುಳಿದರು. ಠಾಣೆಯಲ್ಲಿ ಬಲಗೈಯ ಮೂರು ಬೆರಳು ಮುರಿದಿದ್ದಾರೆ. ದೂರಿನಲ್ಲಿ ಸುತ್ತಿಗೆಯನ್ನು ‘ಮಾರಕ ಆಯುಧ’ ಎಂದು ಬರೆದಿದ್ದಾರೆ. ಅಂತೂ ಅದು ಏನೆಂಬುದು ಬೇರೆ ಇಲಾಖೆಯಿಂದ ತಿಳಿಯಿತು.

ಬೆಳಿಗ್ಗೆ ಅವನನ್ನು ನೋಡಲು ಹೋಗಿದ್ದೆ. ಊದಿದ ತುಟಿಯಲ್ಲೇ ಪಿಸುಗುಟ್ಟಿದ, ‘ಯಜಮಾನ್ರೇ, ಹೊಡೆದಿದ್ದು ನೀವು ಅಂತ ನಂಗೊತ್ತು. ಸಾಯಿಸಿದ್ರೂ ಹೆಸರು ಹೇಳಲ್ಲ.’

ಇಂಥ ಮನುಷ್ಯ. ಏನು ಮಾಡಬೇಕೋ ಯೋಚಿಸುತ್ತಿದ್ದೇನೆ.

ತಮ್ಮ


ಜೂನ್ ೧೦

ತಮ್ಮಯ್ಯ,

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಮೊದಲ ಸಲ ಹೆದರಿದೆ. ಎರಡನೆಯ ಸಲ ಹೆಮ್ಮೆಪಟ್ಟೆ, ಅದಕ್ಕೆ ನಾಚಿಕೆಯೂ ಆಯಿತು. ಆಮೇಲೆ ಲೆಕ್ಕ ಹಾಕಿದೆ: ಕೊಲೆಯತ್ನಕ್ಕೆ ಹತ್ತು ವರ್ಷ. ಮೇಸ್ತ್ರಿಗೆ ಅರವತ್ತೊಂದು. ಅವನು ಹೊರಗೆ ಬರುವುದಿಲ್ಲ.

ನಾನು ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಆ ಸಾಲು ನನ್ನದು. ಏಳು ಮೇಜು ದಾಟಿದ್ದು ನಿಜ, ಹೊರಟದ್ದು ನನ್ನ ಮೇಜಿನಿಂದ. ಮೇಲಿನವರು ‘ಯಂತ್ರ’ ಎಂದು ಮಾತ್ರ ಕೇಳಿದ್ದರು. ‘ಮೊದಲಿನಿಂದಲೂ’ ಎಂಬುದನ್ನು ಸೇರಿಸಿದವಳು ನಾನು. ಹಾಗಿದ್ದರೆ ಕೋರ್ಟಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ ಎಂದು. ಆ ಇನ್ನೂರು ಆಳಿನ ಕುಳಗಳು ಕಣ್ಣಮುಂದೆ ಇದ್ದರು. ನೀನು ನೆನಪಾಗಲಿಲ್ಲವೆಂದು ಬರೆದು ಹೊಡೆದುಹಾಕಿದೆ; ಸುಳ್ಳು. ನೆನಪಾದೆ. ಇವನು ಹೇಗೂ ನಗುತ್ತಾ ನಗಿಸುತ್ತಾ ಪಾರಾಗುತ್ತಾನೆ ಅಂದುಕೊಂಡೆ. ಸುತ್ತಿಗೆಯವರು ನೆನಪಾಗಲಿಲ್ಲ. ಕುಳಗಳು ಸಹ ಪಾರಾದರು, ಅವರ ವಕೀಲರು ಕರಣೆಗೆ ಮೋಟಾರು ಜೋಡಿಸಿ ತೋರಿಸಿದರಂತೆ.

ಆಟ ಮುಗಿದ ಮೇಲೆ ನಿಯಮ ಬದಲಿಸಬಾರದು. ಇದು ಮಕ್ಕಳಿಗೂ ಗೊತ್ತು. ನಾನು ಅದನ್ನು ಎಷ್ಟು ಚಂದದ ಕನ್ನಡದಲ್ಲಿ ಬರೆದೆನೆಂದರೆ ನನಗೇ ಗೊತ್ತಾಗಲಿಲ್ಲ.

ಈಗ ನಾನು ಮಾಡಿದ್ದು: ಒಂಬತ್ತು ವರ್ಷದ ಹಿಂದೆ ನಿನಗೆ ಕೊಟ್ಟ ಸಲಹೆ, ಈಗ ಬರೆದ ಸಾಲು, ಎರಡನ್ನೂ ಪ್ರಮಾಣಪತ್ರ ಮಾಡಿ ಆ ವಕೀಲೆಗೆ ಕೊಟ್ಟೆ. ಕೆಲಸ ಹೋಗುತ್ತದೆ, ಹೋಗಲಿ. ಅದರ ಜೊತೆಗೆ ನಿನ್ನ ಮೇ ೨೯ರ ಕಾಗದವನ್ನೂ ಕೊಟ್ಟಿದ್ದೇನೆ. ಮೇಸ್ತ್ರಿಯ ಜಾಮೀನು ವಿಚಾರಣೆ ಇಪ್ಪತ್ತೊಂದಕ್ಕೆ. ವಕೀಲೆ ಕಾಗದ ಓದುತ್ತಾಳೆ, ನೀನು ಎದ್ದು ನಿಂತು ‘ಹೌದು, ಹೊಡೆದದ್ದು ನಾನು’ ಎನ್ನಬೇಕು. ನಿನ್ನ ಪಕ್ಕದಲ್ಲಿ ನಾನು ನಿಂತಿರುತ್ತೇನೆ.

ನಿನ್ನನ್ನು ಕೇಳದೆ ಕೊಟ್ಟದ್ದಕ್ಕೆ ಬೈಯಿ. ಕೇಳಿದ್ದರೆ ನಿನ್ನ ಧೈರ್ಯಕ್ಕೆ ಅವಮಾನ ಮಾಡಿದ ಹಾಗಾಗುತ್ತಿತ್ತು.

ಅಕ್ಕ


ಜೂನ್ ೧೪

ಅಕ್ಕಾ, ನಮಸ್ಕಾರ, ಸಾಷ್ಟಾಂಗ ನಮಸ್ಕಾರ, ಇನ್ನೂ ಏನೇನು ನಮಸ್ಕಾರಗಳಿವೆಯೋ ಅವೆಲ್ಲ.

ಆ ಸಾಲಿನ ವಿಷಯ ಆಮೇಲೆ. ನಿನ್ನ ಮೇಲೆ ಸಿಟ್ಟಿದೆ, ಈಗ ಪುರಸೊತ್ತಿಲ್ಲ.

ಕಾಗದ ವಾಪಸು ಪಡೆ. ಅದು ಕಾಗದವಲ್ಲ, ಸಾಹಿತ್ಯ. ಬರೆಯುವವನಿಗೆ ಸ್ವಲ್ಪ ಅತಿಶಯದ ಅಭ್ಯಾಸ ಇರುತ್ತದೆ, ಬಲ್ಲವಳು ನೀನು. ಹೊಡೆದೆ ಎಂದರೆ ಹೊಡೆಯಬೇಕೆನಿಸಿತು ಎಂದೂ ಓದಬಹುದು. ನಿನ್ನ ನಾದಿನಿ ಅಳುತ್ತಿದ್ದಾಳೆ. ನನಗೆ ರಕ್ತದೊತ್ತಡ. ಕೋರ್ಟಿನಲ್ಲಿ ನನ್ನ ಕಾಗದ ಓದಿದರೆ ಅದರಲ್ಲಿನ ವ್ಯಾಕರಣದೋಷಗಳಿಂದ ಮನೆತನದ ಮಾನ ಹೋಗುತ್ತದೆ.

ವಾಪಸು ಪಡೆ, ದಮ್ಮಯ್ಯ.

ತಮ್ಮ


ಜೂನ್ ೧೭

ತಮ್ಮಯ್ಯ,

ವಾಪಸು ಪಡೆಯುವುದಿಲ್ಲ. ಜೈಲಿನಲ್ಲಿ ಮೇಸ್ತ್ರಿಯನ್ನು ಮತ್ತೆ ಹೊಡೆದಿದ್ದಾರೆ, ಎಡಗಣ್ಣು ಕಾಣುತ್ತಿಲ್ಲವಂತೆ. ನಿನ್ನೆ ಅವನ ಮಗಳನ್ನು ನೋಡಿ ಬಂದೆ. ರಸೀತಿಯ ಬುದ್ಧಿ ಹೇಳಿದವಳು ನಾನೆಂದು ಹೇಳಿದೆ. ಅವಳು ನನ್ನ ಮುಖಕ್ಕೆ ಉಗುಳಿದಳು. ಒರೆಸಿಕೊಂಡು ಕೂತೆ. ಆಮೇಲೆ ಕುಡಿಯಲು ನೀರು ಕೊಟ್ಟಳು.

ನೀನು ಹೊಡೆದೆಯೋ ಇಲ್ಲವೋ? ಹೊಡೆದಿಲ್ಲದಿದ್ದರೆ ಮತ್ತೆ ಯಾರು? ಒಂದೇ ಸಾಲಿನಲ್ಲಿ ಬರೆ, ತಮಾಷೆಯಿಲ್ಲದೆ.

ಅಕ್ಕ


ಜೂನ್ ೧೯

ಅಕ್ಕಾ,

ಒಂದೇ ಸಾಲಿನಲ್ಲಿ ಆಗುವುದಿಲ್ಲ, ಕ್ಷಮಿಸು. ಯಾರೂ ಹೊಡೆಯಲಿಲ್ಲ.

ಇಟ್ಟಿಗೆಗೆ ಕಿಟಕಿ ಒಡೆಯಿತಲ್ಲ, ಆಗ ನಾನು ಮೇಜಿನ ಕೆಳಗೆ ನುಗ್ಗಿದೆ. ನೀನು ನನ್ನ ಮೇಜನ್ನು ನೋಡಿದ್ದೀಯ, ನನ್ನ ಗಾತ್ರವನ್ನೂ ನೋಡಿದ್ದೀಯ. ತಲೆ ಒಳಗೆ ಹೋಯಿತು, ಉಳಿದದ್ದು ಹೊರಗೇ ಉಳಿಯಿತು. ಅಧಿಕಾರಿ ಉದ್ದಣ್ಣನ ಸುತ್ತಿಗೆಯ ಮಾತಾಡಿದ್ದು ನಿಜ. ಅದನ್ನು ಕೇಳಿ ನಾನು ಕೈ ಎತ್ತಲಿಲ್ಲ, ಇನ್ನಷ್ಟು ಒಳಕ್ಕೆ ತೂರಿಕೊಂಡೆ. ಆ ರಭಸಕ್ಕೆ ನನ್ನ ಹಿಂಭಾಗ ಅಡ್ಡೆಯ ಕಾಲಿಗೆ ಬಡಿದು ಅದು ಮುರಿಯಿತು. ಕಂಪ್ರೆಸರಿನ ಅದುರಾಟಕ್ಕೆ ಅಡ್ಡೆ ಆಗಲೇ ನಡುಗುತ್ತಿತ್ತು. ಮೇಲಿನ ಸಾಲಿನಿಂದ ಒಂದು ಸುತ್ತಿಗೆ ಕೆಳಗೆ ಬಂತು. ಕೆಳಗೆ ಅವನ ಹೆಗಲಿತ್ತು. ಕಾನೂನು ಹಿಂದಕ್ಕೂ ನಡೆಯುವುದಕ್ಕೆ ನೀವು ಹೇಳುವ ಪೂರ್ವಾನ್ವಯ ಎಂದರೆ ಹಿಂದಿನಿಂದ ಬಂದು ಬಡಿಯುವುದು ಎಂದಾದರೆ, ಇಡೀ ಪ್ರಕರಣದಲ್ಲಿ ಪೂರ್ವಾನ್ವಯವಾಗಿ ಹೊಡೆದದ್ದು ನನ್ನ ಹಿಂಭಾಗವೊಂದೇ. ನೀನು ತಮಾಷೆ ಬೇಡವೆಂದಿದ್ದೆ, ಮತ್ತೆ ಕ್ಷಮಿಸು, ನಿಲ್ಲಿಸಲು ಬರುತ್ತಿಲ್ಲ.

ಮೇಸ್ತ್ರಿ ಒಳಗೆ ಬಂದಾಗ ಅಧಿಕಾರಿ ಬಿದ್ದಿದ್ದ, ನಾನು ತಲೆ ಹೊರಗೆಳೆದು ಮೇಜಿನ ಪಕ್ಕ ಮಂಡಿಯೂರಿದ್ದೆ. ಯಜಮಾನರೇ ಹೊಡೆದರು ಎಂದುಕೊಂಡ. ಠಾಣೆಯಲ್ಲಿ ಅವನು ಹಾಗೆಂದಾಗ ನಾನು ‘ಇಲ್ಲ’ ಎನ್ನಲಿಲ್ಲ. ಮುರಿದ ಬೆರಳಿನ ಒಬ್ಬ ಮನುಷ್ಯ ನನ್ನನ್ನು ಗಂಡಸೆಂದು ನೋಡುತ್ತಿದ್ದ ಅಕ್ಕಾ, ಜೀವನದಲ್ಲಿ ಮೊದಲ ಸಲ. ಮನೆಗೆ ಬಂದು ಅದೇ ಗುಂಗಿನಲ್ಲಿ ನಿನಗೆ ಬರೆದೆ. ಬರೆಯುತ್ತಾ ಬರೆಯುತ್ತಾ ಸುತ್ತಿಗೆ ಎತ್ತಿದ ತೋಳು ನಿಜವಾಗಿಯೂ ನೋಯತೊಡಗಿತು.

ವಕೀಲೆಯ ಹತ್ತಿರ ಬೆಳಿಗ್ಗೆ ಮಾತಾಡಿದೆ. ಅಡ್ಡೆಯ ಮುರಿದ ಕಾಲು ಶೆಡ್ಡಿನಲ್ಲಿ ಹಾಗೆಯೇ ಇದೆ, ಫೋಟೋ ತೆಗೆಸಿದ್ದೇನೆ. ಅದು ಆಕಸ್ಮಿಕ ಎಂದು ತೋರಿದರೆ ಮೇಸ್ತ್ರಿಯೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಮಾನ ಒಂದು ಉಳಿಯುವುದಿಲ್ಲ. ‘ಕೋರ್ಟಿನಲ್ಲಿ ಹೇಗೆ ನುಗ್ಗಿದಿರಿ ಅಂತ ಮಾಡಿ ತೋರಿಸಬೇಕಾಗಬಹುದು’ ಎಂದಳು, ನಗದೆ. ಮಾಡಿ ತೋರಿಸುತ್ತೇನೆ. ಗ್ಯಾಲರಿಯಲ್ಲಿ ನಮ್ಮ ಹತ್ತೂ ಜನ ಇರುತ್ತಾರೆ, ಉದ್ದಣ್ಣನ ಹೆಂಡತಿ ಇರುತ್ತಾಳೆ. ಎಲ್ಲರೂ ನೋಡಲಿ.

ಇನ್ನೊಂದು ಉಳಿದಿದೆ. ಇದನ್ನು ವಕೀಲೆಗೂ ಹೇಳಿಲ್ಲ, ನಿನ್ನ ನಾದಿನಿಗೂ ಹೇಳಿಲ್ಲ. ಇಪ್ಪತ್ತೊಂದಕ್ಕೆ ನೀನು ನನ್ನ ಪಕ್ಕದಲ್ಲಿ ನಿಲ್ಲುವ ಮುಂಚೆ ನಿನಗೆ ಗೊತ್ತಿರಬೇಕು. ಗೊತ್ತಾದ ಮೇಲೆ ನಿಲ್ಲದಿದ್ದರೂ ನನಗೆ ಬೇಸರವಿಲ್ಲ.

ಪೊಲೀಸರು ಒಳಗೆ ನುಗ್ಗಿ ಸುತ್ತಿಗೆ ಎತ್ತಿ ಹಿಡಿದು, ‘ಯಾರದ್ದೋ ಇದು?’ ಎಂದು ಅರಚಿದರು. ಕಂಪ್ರೆಸರಿನ ಗದ್ದಲದಲ್ಲಿ ಮೇಸ್ತ್ರಿಗೆ ಉತ್ತರ ಕೇಳಿಸಿರಲಿಕ್ಕಿಲ್ಲ. ಪೊಲೀಸರು ಬಗ್ಗಿ ಕೇಳಿಸಿಕೊಂಡರು. ಮತ್ತೆ ಮೇಜಿನ ಕೆಳಗೆ ತಲೆ ತೂರಿಸಿ, ಮಂಡಿಗಳ ನಡುವೆ ಮುಖವಿಟ್ಟುಕೊಂಡು, ‘ಕೆಂಪು ಪಟ್ಟಿ ಮೇಸ್ತ್ರೀದು ಸಾರ್, ನಂದಲ್ಲ’ ಎಂದವನು ನಾನು.

ತಮ್ಮ